ನೋಡುವವನ ಧರ್ಮ

ಓಡಿದವನು ಒಬ್ಬ, ಅದನ್ನು ಕಂಡು ಕಣ್ಣು ಒದ್ದೆಮಾಡಿಕೊಂಡವನು ಮತ್ತೊಬ್ಬ. ಸಾವಿರಾರು ಹರದಾರಿಗಳಾಚೆ, ಹೆಸರನ್ನು ನೆಟ್ಟಗೆ ಉಚ್ಚರಿಸಲೂ ಬಾರದ ಯಾವನೋ ತರುಣನು ಒಂದು ಅಡ್ಡಕೋಲನ್ನು ಜಿಗಿದು ದಾಟಿದರೆ, ಇಲ್ಲಿ ನಡುಮನೆಯಲ್ಲಿ ಕುಳಿತ ವೃದ್ಧನ ಎದೆ ಏತಕ್ಕೆ ಹಿಗ್ಗಬೇಕು? ಈ ಪ್ರಶ್ನೆ ಮೇಲುನೋಟಕ್ಕೆ ವಿನೋದದ್ದಾಗಿ ಕಂಡರೂ, ವಿಚಾರಿಸಿದಷ್ಟೂ ಧರ್ಮಜಿಜ್ಞಾಸೆಗೆ ಸೇರಿದ್ದೆಂದು ತೋರುವುದು.

ಅಂಥ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಬಹುದು. ಅರವತ್ತು ವರ್ಷಗಳವರೆಗೆ ಆಟಪಾಟಗಳೆಲ್ಲ ಹುಡುಗರ ಕಾಲಹರಣವೆಂದೇ ಅವನು ತಿಳಿದಿದ್ದನು. ಟೋಕಿಯೋ ನಗರದ ಒಲಿಂಪಿಕ್ ಕ್ರೀಡೆಗಳು ಸಾಂಕ್ರಾಮಿಕ ರೋಗದ ದೆಸೆಯಿಂದ ಒಂದು ವರ್ಷ ತಡವಾಗಿ, ಪ್ರೇಕ್ಷಕರಿಲ್ಲದ ಕ್ರೀಡಾಂಗಣದಲ್ಲಿ ನಡೆದವು. 2021ನೆಯ ಇಸವಿ ಆಗಸ್ಟ್ 1ನೆಯ ತಾರೀಖು, ಭಾನುವಾರ, ಮೊಮ್ಮಗನ ಬಲವಂತಕ್ಕೆ ಅವನು ದೂರದರ್ಶನದ ಮುಂದೆ ಕುಳಿತನು. ಎತ್ತರ ಜಿಗಿತದ ಸ್ಪರ್ಧೆಯಲ್ಲಿ ಕತಾರ್ ದೇಶದ ಬರ್ಶಿಮ್, ಇಟಲಿಯ ತಂಬೇರಿ ಎಂಬಿಬ್ಬರು 2.37 ಮೀಟರನ್ನು ಸಮಸಮವಾಗಿ ದಾಟಿ, 2.39 ಮೀಟರಿನಲ್ಲಿ ಮೂರು ಮೂರು ಬಾರಿ ವಿಫಲರಾದರು. ಅಧಿಕಾರಿಯು ಬಂದು, ಒಬ್ಬನೇ ಗೆಲ್ಲುವವರೆಗೆ ಮತ್ತೆ ಜಿಗಿಯಬಹುದೆಂದನು. ಇಬ್ಬರಿಗೂ ಚಿನ್ನದ ಪದಕ ದೊರೆಯಬಹುದೇ ಎಂದು ಬರ್ಶಿಮನು ಕೇಳಿದನು. ಆಗಬಹುದೆಂಬ ಉತ್ತರ ಬಂದೊಡನೆ ಇಬ್ಬರೂ ಅಪ್ಪಿಕೊಂಡರು. ಅಂದಿನಿಂದ ಗೃಹಸ್ಥನು ನವದೀಕ್ಷಿತನಾದನು. ಪಂಚಾಂಗ ನೋಡುತ್ತಿದ್ದ ಕಣ್ಣು ಸ್ಪರ್ಧೆಗಳ ವೇಳಾಪಟ್ಟಿಯನ್ನು ನೋಡಲಾರಂಭಿಸಿತು. ಮನೆಯವರು ನಕ್ಕರು. ನವದೀಕ್ಷಿತನ ಮಡಿ ಹಳಬನದಕ್ಕಿಂತ ಹೆಚ್ಚಲ್ಲವೆ?

ಈ ಉತ್ಸಾಹಕ್ಕೆ ವಿರೋಧವಾದ ಪೂರ್ವಪಕ್ಷವು ದುರ್ಬಲವಾದುದಲ್ಲ. ಪರರ ಬೆವರಿನಿಂದ ಬಂದ ಜಯವನ್ನು 'ನಮ್ಮದು' ಎನ್ನುವವನು ಪರಸ್ವವನ್ನು ಅಪಹರಿಸಿದಂತಾಗಲಿಲ್ಲವೆ? ಒಂದು ಫರ್ಲಾಂಗು ನಡೆಯಲಾರದವನು 'ನಾವು ಓಡಿ ಗೆದ್ದೆವು' ಎಂದರೆ ಅದು ಉಣ್ಣದೆ ತೇಗಿದಂತೆ. ಅಷ್ಟೇ ಅಲ್ಲ, ಇದ್ದ ರಾಗದ್ವೇಷಗಳು ಸಾಲದೆಂದು ಮನುಷ್ಯನು ಹೊಸ ರಾಗದ್ವೇಷಗಳನ್ನು ಕಟ್ಟಿಕೊಳ್ಳುವನು. ನಿನ್ನೆಯವರೆಗೆ ಹೆಸರೇ ಕೇಳದಿದ್ದ ದೇಶವು ಇಂದು ಅವನಿಗೆ ಶತ್ರುವಾಗುವುದು.

ಆದರೆ ನೋಡುವುದನ್ನೇ ಹೀನವೆನ್ನುವುದು ಹಿರಿಯರ ಮತವಲ್ಲ. ಗ್ರೀಸಿನ ಒಲಿಂಪಿಯಾದಲ್ಲಿ ಕ್ರಿಸ್ತಪೂರ್ವ 776ರಿಂದ ಲೆಕ್ಕ ಹಿಡಿದು ಆ ಉತ್ಸವವು ಸಾವಿರಕ್ಕೂ ಮಿಕ್ಕಿ ವರ್ಷ ನಡೆಯಿತು. ಪೈಥಾಗೊರಸನು ಬಾಳನ್ನು ಅಂಥ ಜಾತ್ರೆಗೆ ಹೋಲಿಸಿದನೆಂದು ರೋಮಿನ ಸಿಸಿರೋ ಬರೆದಿದ್ದಾನೆ. ಅಲ್ಲಿಗೆ ಕೆಲವರು ಕೀರ್ತಿಗಾಗಿ ಸ್ಪರ್ಧಿಸಲು ಬರುವರು. ಕೆಲವರು ಕೊಂಡು ಮಾರಿ ಲಾಭ ಪಡೆಯಲು ಬರುವರು. ಏನನ್ನೂ ಬೇಡದೆ ಏನು ನಡೆಯುತ್ತಿದೆಯೆಂಬುದನ್ನು ನೋಡಲೆಂದೇ ಬಂದವರು ಮೂರನೆಯವರು. ಜಿಜ್ಞಾಸುವು ಈ ಮೂರನೆಯವನಂತೆ ಎಂದು ಅವನ ಅಭಿಪ್ರಾಯ. ಉತ್ಸವವನ್ನು ನೋಡುವುದಕ್ಕೆ ಗ್ರೀಕರು ಬಳಸುತ್ತಿದ್ದ 'ಥಿಯೋರಿಯಾ' ಎಂಬ ಪದವೇ ಮುಂದೆ ತತ್ತ್ವಚಿಂತನೆಗೂ ಹೆಸರಾಯಿತು. ಸಾಕ್ಷಿಯೆಂಬ ಪದಕ್ಕೆ ವೇದಾಂತವು ಕೊಟ್ಟ ಗೌರವವನ್ನು ಬಲ್ಲವರಿಗೆ ಇದು ಅಪರಿಚಿತವಾಗಿ ತೋರದು.

ನಮ್ಮ ಆಲಂಕಾರಿಕರೂ ಇದೇ ಗಂಟನ್ನು ಬೇರೊಂದು ಕಡೆಯಿಂದ ಬಿಡಿಸಿದ್ದಾರೆ. ರಂಗದ ಮೇಲಿನ ದುಷ್ಯಂತನ ವಿರಹವು ನೋಡುವವನಿಗೆ ಏನಾಗಬೇಕು? ಭಟ್ಟನಾಯಕನು ಹೇಳಿದ, ಅಭಿನವಗುಪ್ತನು ಬೆಳೆಸಿದ ಸಾಧಾರಣೀಕರಣವೆಂಬ ತತ್ತ್ವವು ಅದಕ್ಕೆ ಸಮಾಧಾನ. ರಸಾನುಭವದಲ್ಲಿ 'ಇದು ನನ್ನದು', 'ಇದು ಅವನದು' ಎಂಬ ಗೆರೆಯು ಅಳಿಸಿಹೋಗಿ, ಭಾವವು ಎಲ್ಲರಿಗೂ ಸಾಮಾನ್ಯವಾಗುವುದು. ಅಂಥ ಹೃದಯವುಳ್ಳವನೇ ಸಹೃದಯನು. ಆಟವನ್ನು ನೋಡಿ ಹಿಗ್ಗುವವನೂ ಈ ನ್ಯಾಯದಿಂದ ಕಳ್ಳನಲ್ಲವೆಂದಾಯಿತು.

ಆದರೂ ನಾಟಕಕ್ಕೂ ಕ್ರೀಡಾಂಗಣಕ್ಕೂ ಒಂದು ದೊಡ್ಡ ಭೇದವುಂಟು. ನಾಟಕದಲ್ಲಿ ಬಿದ್ದ ರಾವಣನು ತೆರೆ ಬಿದ್ದ ಮೇಲೆ ಎದ್ದು, ಬಣ್ಣ ತೊಳೆದುಕೊಂಡು, ಊಟಕ್ಕೆ ಹೊರಡುವನು. ಕ್ರೀಡಾಂಗಣದಲ್ಲಿ ಸೋತವನು ನಿಜವಾಗಿಯೂ ಸೋತಿರುವನು. ಅವನ ಹಲವು ವರ್ಷಗಳ ವ್ರತವು ಕ್ಷಣಾರ್ಧದಲ್ಲಿ ನಿಷ್ಫಲವಾಗಿರುವುದು. ಆದುದರಿಂದ ನಾಟಕದ ಪ್ರೇಕ್ಷಕನಿಗೆ ರಸಿಕತೆಯೊಂದಿದ್ದರೆ ಸಾಕು. ಕ್ರೀಡೆಯ ಪ್ರೇಕ್ಷಕನಿಗೆ ಧರ್ಮವೂ ಬೇಕು. ಎದುರಿಗಿರುವುದು ಪಾತ್ರವಲ್ಲ, ಮನುಷ್ಯ.

ಈ ಭೇದವನ್ನು ಮರೆತರೆ ಆಗುವ ಅನರ್ಥಕ್ಕೆ ಉದಾಹರಣೆ ದೂರವಿಲ್ಲ. 1994ರ ಕಾಲ್ಚೆಂಡಿನ ವಿಶ್ವಕಪ್ಪಿನಲ್ಲಿ ಕೊಲಂಬಿಯಾ ದೇಶದ ಆಂದ್ರೇಸ್ ಎಸ್ಕೋಬಾರನು ಎದುರಾಳಿಯ ಚೆಂಡನ್ನು ತಡೆಯಹೋಗಿ, ಅದು ಅವನ ಕಾಲಿಗೆ ತಗುಲಿ ತನ್ನ ತಂಡದ ಗೋಲಿಗೇ ಸೇರಿತು. ಊರಿಗೆ ಮರಳಿದ ಕೆಲವೇ ದಿನಗಳಲ್ಲಿ, ಜುಲೈ 2ರಂದು, ಮೆಡೆಯೀನ್ ನಗರದಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಕೊಲೆಯ ಹಿಂದೆ ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ಆ ಗೋಲನ್ನು ನೆನೆಯದೆ ಲೋಕವು ಆ ಸಾವನ್ನು ನೆನೆಯುವುದಿಲ್ಲ. ಗೆದ್ದರೆ 'ನಮ್ಮವನು', ಸೋತರೆ 'ನಮ್ಮ ಮಾನ ಕಳೆದವನು' ಎನ್ನುವ ಮಮತೆಯು ಪ್ರೀತಿಯಲ್ಲ; ಅದು ಒಡೆತನ. ಒಡೆಯನು ಆಳಿನ ತಪ್ಪನ್ನು ಕ್ಷಮಿಸುವುದು ವಿರಳ.

ಹಾಗಾದರೆ 'ನಮ್ಮವನು' ಎಂಬ ಮಾತನ್ನೇ ಬಿಡಬೇಕೆ? ಅದು ಸಾಧ್ಯವೂ ಅಲ್ಲ, ಅವಶ್ಯವೂ ಅಲ್ಲ. ತನ್ನ ಊರಿನ ದೀಪವೇ ಮನುಷ್ಯನಿಗೆ ಮೊದಲು ಕಾಣುವುದು. ದೋಷವು ಮಮತೆಯಲ್ಲಿಲ್ಲ, ಅದು ಅಲ್ಲಿಯೇ ನಿಂತುಬಿಡುವುದರಲ್ಲಿದೆ. 1936ರ ಬರ್ಲಿನಿನಲ್ಲಿ, ಜನಾಂಗದ್ವೇಷವನ್ನೇ ರಾಜನೀತಿ ಮಾಡಿಕೊಂಡಿದ್ದ ಹಿಟ್ಲರನ ಕಣ್ಣೆದುರಿಗೆ, ಕಪ್ಪುವರ್ಣದ ಅಮೆರಿಕನನಾದ ಜೆಸ್ಸಿ ಓವೆನ್ಸನು ಉದ್ದ ಜಿಗಿತದಲ್ಲಿ 8.06 ಮೀಟರ್ ಹಾರಿ ಗೆದ್ದಾಗ, ಎರಡನೆಯವನಾದ ಜರ್ಮನಿಯ ಲುಟ್ಸ್ ಲಾಂಗನು ಮುಂದೆ ಬಂದು ಅಭಿನಂದಿಸಿ, ತೋಳಿಗೆ ತೋಳು ಸೇರಿಸಿ ನಡೆದನು. ಲಾಂಗನು ತನ್ನ ದೇಶಕ್ಕಾಗಿಯೇ ಜಿಗಿದವನು. 1943ರಲ್ಲಿ ಅದರ ಸೈನಿಕನಾಗಿಯೇ ಸಿಸಿಲಿಯಲ್ಲಿ ಮಡಿದವನು. ಆದರೂ ಅವನ ಸ್ನೇಹವು ದೇಶದ ಗಡಿಯಲ್ಲಿ ನಿಲ್ಲಲಿಲ್ಲ.

ಪತಂಜಲಿಯು ಚಿತ್ತದ ಪ್ರಸನ್ನತೆಗೆ ಹೇಳಿದ ನಾಲ್ಕು ಭಾವನೆಗಳಲ್ಲಿ ಮುದಿತೆಯೂ ಒಂದು. ಪುಣ್ಯವಂತರನ್ನು ಕಂಡು ಸಂತೋಷಿಸುವುದು ಅದರ ಲಕ್ಷಣ. ದುಃಖಿಯನ್ನು ಕಂಡು ಕರುಣೆ ತೋರುವುದಕ್ಕಿಂತಲೂ ಇದು ಕಠಿನ. ಏಕೆಂದರೆ ಕರುಣೆ ತೋರುವವನು ಎತ್ತರದಲ್ಲಿ ನಿಂತಿರುವನು. ಮುದಿತೆ ತೋರುವವನು ತನಗಿಂತ ಎತ್ತರದಲ್ಲಿರುವವನನ್ನು ತಲೆಯೆತ್ತಿ ನೋಡಬೇಕು. ನೆರೆಮನೆಯವನ ಏಳಿಗೆಯನ್ನು ಕಂಡು ನಿಷ್ಕಪಟವಾಗಿ ಹಿಗ್ಗುವುದು ಎಷ್ಟು ಜನಕ್ಕೆ ಸಾಧ್ಯ? ಕ್ರೀಡೆಯನ್ನು ನೋಡುವುದು ಆ ಕಠಿನ ಪಾಠದ ಮೊದಲ ಪುಟವಾಗಬಲ್ಲದು. ಟೋಕಿಯೋವಿನ ಆಲಿಂಗನವು ಗೃಹಸ್ಥನನ್ನು ಕರಗಿಸಿದ್ದೂ ಅದಕ್ಕಾಗಿಯೇ. ಆ ಇಬ್ಬರಲ್ಲಿ ಒಬ್ಬನೂ ಅವನ ದೇಶದವನಾಗಿರಲಿಲ್ಲ.

ಅಪರಿಚಿತರ ಜಯದಲ್ಲಿ ಮುದಿತೆ ಸುಲಭ. ತನ್ನವನು ಸೋತಾಗಲೇ ಅದರ ಪರೀಕ್ಷೆ. 2024ನೆಯ ಇಸವಿ ಆಗಸ್ಟ್ 8ರ ನಡುರಾತ್ರಿ ಆ ಪರೀಕ್ಷೆ ಬಂದಿತು. ಪ್ಯಾರಿಸಿನಲ್ಲಿ ಭಾರತದ ನೀರಜ್ ಚೋಪ್ರಾ ಈಟಿಯನ್ನು 89.45 ಮೀಟರ್ ಎಸೆದನು. ಪಾಕಿಸ್ತಾನದ ಅರ್ಷದ್ ನದೀಮನು 92.97 ಮೀಟರ್ ಎಸೆದು ಚಿನ್ನವನ್ನು ಗೆದ್ದನು. ಗೃಹಸ್ಥನು ಮಾತಿಲ್ಲದೆ ದೀಪವಾರಿಸಿ ಮಲಗಿದನು. ಮರುದಿನ ನೀರಜನ ತಾಯಿಯ ಮಾತು ಎಲ್ಲೆಡೆ ಹರಡಿತು: ಬೆಳ್ಳಿಯೂ ಚಿನ್ನದಂತೆಯೇ; ಚಿನ್ನ ಗೆದ್ದವನೂ ತನ್ನ ಮಗನೇ ಎಂಬುದು ಆ ಮಾತಿನ ಭಾವ. ಗಡಿಯಾಚೆಯ ತಾಯಿಯೂ ನೀರಜನನ್ನು ಮಗನೆಂದೇ ಕರೆದಳು. ಹೆತ್ತವಳಿಗಿಂತ ಹೆಚ್ಚಿನ ಮಮತೆಗೆ ಯಾವ ಪ್ರೇಕ್ಷಕನಿಗೆ ಅಧಿಕಾರವುಂಟು? ಆಕೆಗೆ ಇಲ್ಲದ ಹಗೆಯನ್ನು ಅವನು ಎಲ್ಲಿಂದ ತಂದನು? ಗೃಹಸ್ಥನು ರಾತ್ರಿಯ ತನ್ನ ಮೌನವನ್ನು ನೆನೆದು ನಾಚಿದನು. ಆ ನಾಚಿಕೆಯೇ ಅವನು ಅಷ್ಟು ದಿನ ನೋಡಿದ್ದಕ್ಕೆ ದೊರೆತ ಫಲ.

ಮೂರು ದಿನಗಳು ಕಳೆದು, ಅದೇ ನಗರದಲ್ಲಿ ಹೆಂಗಸರ ಮ್ಯಾರಥಾನ್ ಓಟ ನಡೆಯಿತು. ಮೊದಲನೆಯವಳು 2 ಗಂಟೆ 22 ನಿಮಿಷ 55 ಸೆಕೆಂಡುಗಳಲ್ಲಿ ಗುರಿ ಮುಟ್ಟಿದಳು. ಭೂತಾನದ ಕಿನ್ಜಾಂಗ್ ಲಾಮೋ ಎಲ್ಲರಿಗೂ ಕೊನೆಯವಳಾಗಿ, ಅದಾದ ಒಂದೂವರೆ ಗಂಟೆಯ ತರುವಾಯ ಬಂದಳು. ಆದರೂ ದಾರಿಯ ಬದಿಯಲ್ಲಿ ಜನರು ಅವಳನ್ನು ಹುರಿದುಂಬಿಸುತ್ತಿದ್ದರು; ಕೆಲವರು ಜೊತೆಯಲ್ಲಿಯೇ ಓಡಿದರು. ಅವಳಿಂದ ಅವರಿಗೆ ಪದಕವಿಲ್ಲ, ಕೀರ್ತಿಯಿಲ್ಲ, 'ನಮ್ಮವಳು' ಎಂಬ ಸಂಬಂಧವೂ ಇಲ್ಲ.

ಆ ದೃಶ್ಯವನ್ನು ನೋಡುತ್ತಿದ್ದ ಗೃಹಸ್ಥನನ್ನು ಮೊಮ್ಮಗನು ಕೇಳಿದನು: "ತಾತ, ಗೆದ್ದವಳು ಆಗಲೇ ಬಂದಾಯಿತಲ್ಲ, ಇವಳನ್ನೇಕೆ ನೋಡುತ್ತೀರಿ?"

"ಅವಳು ಇನ್ನೂ ಓಡುತ್ತಿದ್ದಾಳಲ್ಲಪ್ಪ," ಎಂದನು ವೃದ್ಧನು.

ಮೊಮ್ಮಗನು ಪಕ್ಕಕ್ಕೆ ಬಂದು ಕುಳಿತನು. ಅವಳು ಗುರಿ ಮುಟ್ಟುವವರೆಗೆ ಇಬ್ಬರೂ ಏಳಲಿಲ್ಲ.