ದೋಷದ ಪಾಲು

ತಪ್ಪು ಯಾರದೆಂಬ ಪ್ರಶ್ನೆ ಎದುರಾದೊಡನೆ ಮನುಷ್ಯನ ಬೆರಳು ತನ್ನಿಂದ ಹೊರಕ್ಕೆ ಚಾಚುತ್ತದೆ. ಈ ಸ್ವಭಾವವು ಹೊಸದಲ್ಲ. ಆದರೆ ಯಂತ್ರವಾಹನಗಳ ಈ ಯುಗದಲ್ಲಿ ಅದು ಪ್ರತಿನಿತ್ಯವೂ ರಸ್ತೆಗಳು ಕೂಡುವೆಡೆಯಲ್ಲಿ ಪರೀಕ್ಷೆಗೊಳಗಾಗುತ್ತಿದೆ.

ನನ್ನ ಹಿರಿಯ ಮಿತ್ರರೊಬ್ಬರ ಅನುಭವವನ್ನು ಇಲ್ಲಿ ಸ್ಮರಿಸುವುದು ಉಚಿತವಾದೀತು. ರಾತ್ರಿ ಹನ್ನೊಂದರ ಸಮಯ. ನಗರದ ವೃತ್ತವೊಂದರಲ್ಲಿ ಸಿಗ್ನಲ್ ದೀಪಗಳು ಮಿನುಗುತ್ತಿದ್ದವು. ಮಿತ್ರರ ಕಾರಿನ ಕಡೆಗೆ ಹಳದಿ, ಅಡ್ಡರಸ್ತೆಯ ಕಡೆಗೆ ಕೆಂಪು. ಅಡ್ಡರಸ್ತೆಯಿಂದ ಬಂದ ಆಟೋರಿಕ್ಷಾ ನಿಲ್ಲದೆ ನುಗ್ಗಿತು. ಮಿತ್ರರೂ ವೇಗವನ್ನು ತಗ್ಗಿಸಲಿಲ್ಲ. ಹೂವು ಮಾರಿ ಆ ಆಟೋದಲ್ಲಿ ಮನೆಗೆ ಮರಳುತ್ತಿದ್ದ ವೃದ್ಧೆಯೊಬ್ಬರ ಕಾಲು ಮುರಿಯಿತು.

“ನನ್ನ ಕಡೆ ಹಳದಿ ದೀಪವಿತ್ತು” ಎಂಬುದು ಮಿತ್ರರ ಮೊದಲ ಮಾತು. ಅದು ಸುಳ್ಳಲ್ಲ, ಆದರೆ ಪೂರ್ಣ ಸತ್ಯವೂ ಅಲ್ಲ. ಮಿನುಗುವ ಕೆಂಪು ದೀಪವು ಪೂರ್ತಿಯಾಗಿ ನಿಂತು, ದಾರಿ ತೆರವಾದುದನ್ನು ಕಂಡ ಮೇಲೆಯೇ ಹೊರಡಬೇಕೆನ್ನುತ್ತದೆ. ಮಿನುಗುವ ಹಳದಿಯು ನಿಧಾನಿಸಿ, ಎಚ್ಚರದಿಂದ ದಾಟಬೇಕೆನ್ನುತ್ತದೆ. ಹಳದಿಯು ಮುಂದೆ ಸಾಗಲು ಅವಕಾಶವೀಯುತ್ತದೆಯೇ ಹೊರತು ಕಣ್ಮುಚ್ಚಿ ಸಾಗಲು ಅಲ್ಲ. ಒಬ್ಬನು ನಿಲ್ಲುವ ಕರ್ತವ್ಯವನ್ನು ಮೀರಿದನು. ಇನ್ನೊಬ್ಬನು ನಿಧಾನಿಸುವ ಕರ್ತವ್ಯವನ್ನು ಮೀರಿದನು.

ನ್ಯಾಯಮಂಡಳಿಯು ಆಟೋ ಚಾಲಕನ ಹೊಣೆ ನೂರಕ್ಕೆ 70, ಮಿತ್ರರದು 30 ಎಂದು ನಿರ್ಣಯಿಸಿತು. ವಿಮಾ ಕಂಪನಿಗಳು ಹಣ ತೆತ್ತವು. ಮಿತ್ರರು ನೆಮ್ಮದಿಯ ಉಸಿರುಬಿಟ್ಟರು.

ಇಂತಹ ಹಂಚಿಕೆ ಅನ್ಯಾಯವೆಂದು ಯಾರೂ ಹೇಳಲಾರರು. ಹಿಂದೆ ಇಂಗ್ಲೆಂಡಿನ ನ್ಯಾಯಪದ್ಧತಿಯಲ್ಲಿ ನೊಂದವನದೇ ಅಲ್ಪ ದೋಷವಿದ್ದರೂ ಅವನು ಪರಿಹಾರವನ್ನೆಲ್ಲ ಕಳೆದುಕೊಳ್ಳುವ ಸಂಭವವಿತ್ತು. 1945ರ ಶಾಸನವು ಆ ಕಾಠಿಣ್ಯವನ್ನು ನೀಗಿಸಿ, ದೋಷವಿದ್ದಷ್ಟೇ ಪರಿಹಾರ ಕಡಿತವಾಗಬೇಕೆಂದು ವಿಧಿಸಿತು. ನಮ್ಮ ನ್ಯಾಯಾಲಯಗಳೂ ಈ ತತ್ತ್ವವನ್ನು ಅನುಸರಿಸುತ್ತವೆ.

ಆದರೆ ಇಲ್ಲಿ ಸೂಕ್ಷ್ಮವೊಂದನ್ನು ಗಮನಿಸಬೇಕು. ಇಬ್ಬರ ನಿರ್ಲಕ್ಷ್ಯದಿಂದ ನಿರ್ದೋಷಿಯಾದ ಮೂರನೆಯವರು ನೊಂದಾಗ, ಅವರು ಇಬ್ಬರಲ್ಲಿ ಯಾರೊಬ್ಬರಿಂದಲಾದರೂ ಪೂರ್ಣ ಪರಿಹಾರವನ್ನು ಪಡೆಯಬಹುದೆಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಸ್ಪಷ್ಟಪಡಿಸಿತು; 2015ರಲ್ಲಿ ಅದನ್ನೇ ದೃಢಪಡಿಸಿತು. ಅಂದರೆ 70, 30 ಎಂಬ ಲೆಕ್ಕವು ತಪ್ಪಿತಸ್ಥರಿಬ್ಬರ ನಡುವಣ ಲೆಕ್ಕ. ನೊಂದವರ ಎದುರಿನಲ್ಲಿ ಪ್ರತಿಯೊಬ್ಬನೂ ಪೂರ್ಣ ಋಣಿ. ಗಾಯಾಳುವಿಗೆ ವೈದ್ಯೋಪಚಾರ ದೊರಕಿಸುವ ಕರ್ತವ್ಯವನ್ನು 1988ರ ಮೋಟಾರು ವಾಹನ ಕಾಯಿದೆಯ 134ನೆಯ ಪ್ರಕರಣವು ಚಾಲಕನ ಮೇಲೆ ಹೊರಿಸುವಾಗಲೂ, ದೋಷ ಯಾರದೆಂದು ಮೊದಲು ಕೇಳುವುದಿಲ್ಲ.

ಹಾಗಾದರೆ ದೊಡ್ಡ ತಪ್ಪೂ ಸಣ್ಣ ತಪ್ಪೂ ಒಂದೆಯೇ ಎಂದು ವಾಚಕರು ಕೇಳಬಹುದು. ಒಂದಲ್ಲ. ಇಬ್ಬರನ್ನು ತೂಗಿ ನೋಡುವಾಗ ತಾರತಮ್ಯವು ಅವಶ್ಯವೇ. ಆದರೆ ಅಂತಃಸಾಕ್ಷಿಯ ಪ್ರಶ್ನೆ ಬೇರೆ: ನಾನು ಮಾಡಬೇಕಾದುದನ್ನು ಮಾಡಿದ್ದರೆ ಈ ನೋವು ತಪ್ಪುತ್ತಿತ್ತೇ? ತಾವು ನಿಧಾನಿಸಿದ್ದರೆ ಆ ಕಾಲು ಮುರಿಯುತ್ತಿರಲಿಲ್ಲವೆಂಬುದನ್ನು ಮಿತ್ರರು ಬಲ್ಲರು. ಇನ್ನೊಬ್ಬನ ತಪ್ಪು ಎಷ್ಟೇ ಹಿರಿದಾಗಿರಲಿ, ಈ ಉತ್ತರದಲ್ಲಿ ಒಂದಂಶವೂ ಕಡಿಮೆಯಾಗದು.

ತೀರ್ಪಾದ ಕೆಲವು ತಿಂಗಳ ಮೇಲೆ ಮಿತ್ರರು ಆ ವೃದ್ಧೆಯ ಮನೆಯನ್ನು ಹುಡುಕಿಕೊಂಡು ಹೋದರು. ಅಲ್ಲಿ ದೀಪದ ಬಣ್ಣದ ಮಾತೆತ್ತದೆ, “ತಪ್ಪು ನನ್ನದೂ ಇತ್ತು, ತಾಯಿ” ಎಂದಷ್ಟೇ ಹೇಳಿದರಂತೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, “ದುಡ್ಡು ಬಂತು ಸ್ವಾಮಿ. ಬಂದು ಮಾತಾಡಿಸಿದವರು ನೀವೊಬ್ಬರೇ” ಎಂದರಂತೆ.

ಹಣದ ಋಣವನ್ನು ವಿಮೆ ತೀರಿಸಬಹುದು. ಆ ಬಾಗಿಲವರೆಗಿನ ದಾರಿಯನ್ನು ಮಾತ್ರ ತಪ್ಪು ಮಾಡಿದವನೇ ನಡೆಯಬೇಕು. ಮಿತ್ರರು ತಡವಾಗಿ ನಡೆದರು. ನಮ್ಮಲ್ಲಿ ಅನೇಕರು ನಡೆಯುವುದೇ ಇಲ್ಲ. ತಪ್ಪಿನ ಪ್ರಮಾಣವನ್ನು ನ್ಯಾಯಾಲಯವು ಅಳೆಯಲಿ. ತಪ್ಪನ್ನು ಒಪ್ಪಿಕೊಳ್ಳುವುದಕ್ಕೆ ಆ ಅಳತೆಗಾಗಿ ಕಾಯಬೇಕಾಗಿಲ್ಲ.