ಕಿತ್ತ ಸೇತುವೆ, ಕೀಳದ ಮಡಿ

ಹಂಪಿಯ ವಿರೂಪಾಕ್ಷ ಗುಡಿಯ ಪಕ್ಕ ಹೊಳೆಗೆ ಇಳಿದು ನಿಂತರೆ ಎದುರಿಗೆ ವಿರೂಪಾಪುರ ಗಡ್ಡೆ. ನಡುವೆ ತುಂಗಭದ್ರೆ. ಇಲ್ಲಿ ಜನ ನಡೆದು ದಾಟಲೆಂದು ಒಂದು ತೂಗುಸೇತುವೆ ಕಟ್ಟತೊಡಗಿದ್ದರು. ಆಮೇಲೆ ಅದನ್ನು ಕಿತ್ತರು. ಈಗ ಅಲ್ಲಿ ನೀರಿದೆ, ಬಂಡೆಯಿದೆ, ದೋಣಿಗೆ ಕಾಯುವ ಜನರಿದ್ದಾರೆ. ಹೊಳೆ ಬಂತೆಂದರೆ ದೋಣಿಯೂ ಇಲ್ಲ. ಸೇತುವೆ ಇಲ್ಲದ ಆ ಜಾಗ ನಮ್ಮನ್ನು ಕೇಳುತ್ತದೆ: ಉಳಿಸುವುದು ಅಂದರೆ ಏನನ್ನು? ಯಾರಿಗೋಸ್ಕರ?

ನಡೆದದ್ದು ಇಷ್ಟು. 1986ರಲ್ಲಿ ಹಂಪಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಗಡ್ಡೆಗೊಂದು, ಆನೆಗೊಂದಿಯ ಹತ್ತಿರ ಮೋಟಾರು ಓಡುವಂಥ ಇನ್ನೊಂದು, ಹೀಗೆ ಎರಡು ತೂಗುಸೇತುವೆಗಳು ಏಳತೊಡಗಿದ್ದರಿಂದ 1999ರಲ್ಲಿ ಅದೇ ಯುನೆಸ್ಕೋ ಹಂಪಿಯನ್ನು ಅಪಾಯದ ಪಟ್ಟಿಗೆ ಹಾಕಿತು. ಚಿಕ್ಕದನ್ನು ಕಿತ್ತರು. ದೊಡ್ಡದರ ಕೆಲಸ ವರ್ಷಗಟ್ಟಲೆ ನಿಂತಿತು. 2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂತು. ಮತ್ತೆ ಕೆಲಸ ಶುರುವಾದ ಆನೆಗೊಂದಿ ಸೇತುವೆ 2009ರ ಜನವರಿ 22ರಂದು ಕುಸಿದು ಬಿತ್ತು. ಸತ್ತವರು ಕೂಲಿಯಾಳುಗಳು. ಅಪಾಯದ ಪಟ್ಟಿಯಲ್ಲಿ ಅವರ ಹೆಸರು ಎಂದೂ ಇರಲಿಲ್ಲ.

ಲಾರಿ ಬಸ್ಸು ಓಡಾಡಿದರೆ ಹಳೇ ಕಲ್ಲು ಅದುರುತ್ತದೆ ಅನ್ನುವ ಮಾತು ಸುಳ್ಳಲ್ಲ. ಆ ಕಲ್ಲು ಬೇಡ ಅನ್ನುವವರೂ ನಾವಲ್ಲ. ಅದು ರಾಜನದಲ್ಲ, ನಮ್ಮದು. ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಒಂದು ಕೆರೆಯ ಕೆಲಸ ನೋಡಿದ. ಹದಿನೈದು ಇಪ್ಪತ್ತು ಸಾವಿರ ಆಳುಗಳು ಇರುವೆಗಳ ಹಾಗೆ ಕಂಡರಂತೆ. ಕಟ್ಟೆ ನಿಲ್ಲದೆ ಒಡೆದಾಗ ಅರವತ್ತು ಮನುಷ್ಯರ ತಲೆ ಕಡಿಸಿದರು ಅಂತಲೂ ಅವನೇ ಬರೆದಿದ್ದಾನೆ. ಕೆರೆಗೆ ರಾಜನ ಹೆಸರು, ಕಟ್ಟೆಗೆ ಯಾರದೋ ನೆತ್ತರು.

ಅದೇ ಪೇಸ್ ಈ ಹೊಳೆ ದಾಟುವ ಹರಿಗೋಲನ್ನೂ ಕಂಡ. ಬುಟ್ಟಿಯ ಹಾಗೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ. ಹದಿನೈದು ಇಪ್ಪತ್ತು ಜನ ಹಿಡಿಯುತ್ತಿದ್ದರು, ಬೇಕಾದರೆ ಕುದುರೆ ಎತ್ತುಗಳೂ ದಾಟುತ್ತಿದ್ದವು. ಆ ಚರ್ಮವನ್ನು ಹದ ಮಾಡಿದ ಕೈ ಯಾವುದು? ಅವನು ಬರೆಯಲಿಲ್ಲ. ಬರೆಯಬೇಕಾಗಿಯೂ ಇಲ್ಲ. ಸತ್ತ ದನ ಹೊತ್ತವರು ಯಾರು, ತೊಗಲು ಸುಲಿದವರು ಯಾರು ಅಂತ ಈ ನಾಡಿನ ಪ್ರತಿ ಕೇರಿಗೂ ಗೊತ್ತು. ಮುಟ್ಟಬಾರದ ತೊಗಲಿನ ಮೇಲೆ ಕೂತು ಮಡಿಯವರೂ ದಾಟಿದರು. ದಡ ಮುಟ್ಟಿದ ಮೇಲೆ ಮಡಿ ಮತ್ತೆ ಮಡಿಯೇ.

ಮಡಿ ಅಂದರೇನು? ವಸ್ತುವಿನ ಮೇಲಿನ ಅಕ್ಕರೆಯಲ್ಲ. ಯಾರು ಮುಟ್ಟಬಾರದು ಅನ್ನುವ ಲೆಕ್ಕ. ಪರಂಪರೆ ರಕ್ಷಣೆ ಅನ್ನುವುದು ಎಷ್ಟೋ ಸಲ ಈ ಲೆಕ್ಕವನ್ನೇ ಇಂಗ್ಲಿಷಿನಲ್ಲಿ ಬರೆದ ಹಾಗೆ ಕಾಣುತ್ತದೆ. 2011ರ ಜುಲೈನಲ್ಲಿ ಹಂಪಿ ಬಜಾರಿನ ಮಂಟಪಸಾಲಿನಲ್ಲಿ ಬದುಕು ಕಟ್ಟಿಕೊಂಡಿದ್ದವರ ಮನೆ ಅಂಗಡಿಗಳನ್ನು ಕೆಡವಿದರು. ಅದೂ ಪರಂಪರೆಯ ಹೆಸರಿನಲ್ಲೇ. ಕಂಬ ಉಳಿದವು, ಒಲೆ ಆರಿದವು.

ಸಿದ್ದಾಪುರದಲ್ಲಿ ಕೂತು ಹಂಪಿಯ ಮಾತು ನಿಮಗ್ಯಾಕಪ್ಪ ಅನ್ನಬಹುದು. ನಮ್ಮ ಮಗ್ಗುಲಲ್ಲೇ ಲಾಲ್‌ಬಾಗಿದೆ. ಹೈದರಾಲಿ ಹಾಕಿಸಿದ ತೋಟ ಉಳಿಯಲಿ ಅಂತ ನಾವೂ ಬಯಸುತ್ತೇವೆ. ಆದರೆ ಗೋಡೆಯೊಳಗಿನ ಗಿಡದ ಮೇಲಿರುವ ಅಕ್ಕರೆ ಗೋಡೆಯಾಚೆಯ ಗುಡಿಸಲ ಮೇಲೆ ಯಾಕಿಲ್ಲ? ಇದು ಚಿಕ್ಕಂದಿನಿಂದಲೂ ನಮ್ಮ ಜೊತೆ ಬೆಳೆದ ಪ್ರಶ್ನೆ.

ಇದಕ್ಕೆ ಉತ್ತರವೂ ಹಂಪಿಯಲ್ಲೇ ಹರಿಯುತ್ತಿದೆ. ವಿಜಯನಗರದ ಕಾಲದ ತುರ್ತು ಕಾಲುವೆ ಇವತ್ತಿಗೂ ಬಾಳೆಗೆ, ಭತ್ತಕ್ಕೆ ನೀರು ಕೊಡುತ್ತಿದೆ. ಅರಮನೆ ಬುನಾದಿಯಷ್ಟೇ ಉಳಿಯಿತು, ಕಾಲುವೆ ಜೀವಂತ ಉಳಿಯಿತು. ಯಾಕೆ? ಯಾರೋ ಹೂಳು ತೆಗೆದರು, ಯಾರೋ ಬದು ಕಟ್ಟಿದರು, ದಿನಾ ಮುಟ್ಟಿದರು. ಮುಟ್ಟಿದ್ದರಿಂದಲೇ ಉಳಿಯಿತು.

ಹಂಗಾದ್ರೆ ಸೇತುವೆ ಕೀಳಲೇಬಾರದಿತ್ತಾ? ಕೀಳಬೇಕಾಗಿತ್ತೋ ಏನೋ. ಬೇರೆ ಕಡೆ ಕಟ್ಟಬಹುದು ಅನ್ನುವುದಕ್ಕೆ ಆಮೇಲೆ ಬುಕ್ಕಸಾಗರ ಮತ್ತು ಕಡೆಬಾಗಿಲು ನಡುವೆ ಎದ್ದ ಸೇತುವೆಯೇ ಸಾಕ್ಷಿ. ನಮ್ಮ ತಕರಾರು ಕಬ್ಬಿಣದ ಹಗ್ಗದ್ದಲ್ಲ. ಕಟ್ಟುವ ಮುಂಚೆ, ಕೀಳುವ ಮುಂಚೆ ದಾಟುವವರನ್ನು ಕೇಳುವುದು ಮೊದಲ ನೀತಿ. ಕಲ್ಲಿಗೆ ಆಗುವ ನೋವನ್ನು ಅಳೆಯುವವರು ಬಸುರಿ ಹೆಂಗಸು ದಡದಲ್ಲಿ ಕಾಯುವ ಹೊತ್ತನ್ನೂ ಅಳೆಯಲಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕಲಿ.

1927ರಲ್ಲಿ ಬಾಬಾಸಾಹೇಬರು ಮಹಾಡಿನ ಕೆರೆಗೆ ಇಳಿದದ್ದು ಬರೀ ಬಾಯಾರಿಕೆಗಲ್ಲ. ಈ ನೀರು ಯಾರದು ಅನ್ನುವುದನ್ನು ತೀರ್ಮಾನಿಸಲಿಕ್ಕೆ. ಹಂಪಿಯ ದಡದಲ್ಲೂ ಅದೇ ಪ್ರಶ್ನೆ ಕಾಯುತ್ತಾ ಕೂತಿದೆ. ಕಲ್ಲು ಹೊತ್ತವರ ಮಕ್ಕಳು ನಾವು. ಕಲ್ಲೂ ಉಳಿಯಲಿ, ದಾರಿಯೂ ಉಳಿಯಲಿ. ಹೋಗಬೇಕಾದದ್ದು ಮಡಿಯೊಂದೇ.