ತಾಳಿಕೊಳ್ಳುವ ಗಿಡ

ದೀಪಾವಳಿ ಹತ್ತಿರ ಬಂದಾಗ ದೆಹಲಿ, ನೋಯ್ಡಾ, ಗುರುಗ್ರಾಮದ ಕಚೇರಿಗಳಲ್ಲಿ ಮಿಠಾಯಿ ಡಬ್ಬಿಯ ಜೊತೆಗೆ ಒಂದು ಪುಟ್ಟ ಗಿಡವನ್ನೂ ಉಡುಗೊರೆ ಕೊಡುವುದು ಈಗ ರೂಢಿಯಾಗಿದೆ. ಬಿಳಿಯ ಪಿಂಗಾಣಿ ಕುಂಡ, ಮೇಲೆ ಅಂಟು ಹಾಕಿ ಕೂರಿಸಿದ ಬಣ್ಣದ ಕಲ್ಲು, ನಡುವೆ ನಿಂಬೆಹಣ್ಣಿನ ಗಾತ್ರದ ಕ್ಯಾಕ್ಟಸ್. ಕೊಡುವವರ ಮಾತೂ ಹೆಚ್ಚುಕಡಿಮೆ ಒಂದೇ: ‘ಇದಕ್ಕೇನೂ ಮಾಡಬೇಕಿಲ್ಲ, ತನ್ನ ಪಾಡಿಗೆ ತಾನಿರುತ್ತೆ.’ ಒಳ್ಳೆಯ ಮನಸ್ಸಿನಿಂದಲೇ ಆಡುವ ಮಾತು. ಆದರೂ ಅದು ನನ್ನನ್ನು ಕಾಡುತ್ತಲೇ ಇದೆ. ಏನನ್ನೂ ಕೇಳದ ಜೀವವೊಂದನ್ನು ಮನೆಗೆ ತಂದುಕೊಳ್ಳುವಾಗ ನಮ್ಮ ಮನಸ್ಸು ನಿಜಕ್ಕೂ ಬಯಸುತ್ತಿರುವುದು ಏನನ್ನು?

ಆ ಗಿಡದ ಮುಂದಿನ ದಿನಗಳನ್ನು ಯೋಚಿಸಿ ನೋಡಿ. ನವೆಂಬರಿನಲ್ಲಿ ಇಲ್ಲಿ ಹೊಗೆ ಕವಿಯುತ್ತದೆ, ಬಿಸಿಲು ಮಂಕಾಗುತ್ತದೆ, ಕಿಟಕಿಗಳು ಮುಚ್ಚಿಕೊಳ್ಳುತ್ತವೆ. ಹೆಚ್ಚಿನ ಕ್ಯಾಕ್ಟಸ್‌ಗಳು ಬೆಳವಣಿಗೆ ನಿಲ್ಲಿಸಿ ವಿಶ್ರಾಂತಿಗೆ ಇಳಿಯುವ ಕಾಲ ಅದು. ಬೇರಿಗೆ ಆಗ ನೀರು ಬೇಕಿರುವುದಿಲ್ಲ. ಹೊಸದಾಗಿ ಬಂದ ಗಿಡವೆಂಬ ಅಕ್ಕರೆಯಿಂದ ಮನೆಯವರು ದಿನಕ್ಕೊಂದು ಲೋಟ ನೀರು ಹಾಕುತ್ತಾರೆ. ಕುಂಡದ ತಳದಲ್ಲಿ ತೂತಿಲ್ಲ. ಅಂಟಿಸಿದ ಕಲ್ಲಿನ ಪದರದ ಕೆಳಗೆ ಮಣ್ಣು ಒಣಗುವುದೇ ಇಲ್ಲ. ಡಿಸೆಂಬರಿನಲ್ಲಿ ಬೇರು ಕೊಳೆತರೂ ಮೇಲಿನ ಹಸಿರು ಹಾಗೇ ಇರುತ್ತದೆ, ಏಕೆಂದರೆ ಕ್ಯಾಕ್ಟಸ್ ತನ್ನ ಕಾಂಡದಲ್ಲೇ ನೀರು ಕೂಡಿಟ್ಟುಕೊಂಡ ಗಿಡ. ಬೇರು ಸತ್ತ ಮೇಲೂ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಅದು ಬದುಕಿರುವಂತೆ ಕಾಣುತ್ತದೆ. ಹೋಳಿ ಹೊತ್ತಿಗೆ ಬುಡ ಮೆತ್ತಗಾಗಿ ಒಂದು ಬದಿಗೆ ವಾಲಿದಾಗ ಮನೆಯವರು ‘ಇದ್ದಕ್ಕಿದ್ದಂತೆ ಸತ್ತುಹೋಯ್ತು’ ಎಂದು ನೊಂದುಕೊಳ್ಳುತ್ತಾರೆ.

ಇದ್ದಕ್ಕಿದ್ದಂತೆ ಆದದ್ದು ಏನೂ ಇಲ್ಲ. ತುಳಸಿಗೆ ನೀರು ತಪ್ಪಿದರೆ ಸಂಜೆಗೇ ಬಾಡಿ ನಮ್ಮನ್ನು ಕರೆಯುತ್ತದೆ. ಕ್ಯಾಕ್ಟಸ್ ಕರೆಯುವುದಿಲ್ಲ. ಅದರ ಸಂಕಟ ಹೊರಗೆ ಕಾಣಿಸುವುದು ಕೊನೆಗೆ. ಹಾಗಾಗಿಯೇ ಅದಕ್ಕೆ ಸಂಕಟವೇ ಇಲ್ಲವೆಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ.

ಈ ತೀರ್ಮಾನ ಗಿಡಕ್ಕಷ್ಟೇ ನಿಂತಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಜನವರಿಯ ಮಂಜಿನ ರಾತ್ರಿಯಲ್ಲಿ ನಮ್ಮ ಸೊಸೈಟಿಗಳ ಗೇಟಿನಲ್ಲಿ ಕಂಬಳಿ ಹೊದ್ದು ನಿಲ್ಲುವ ಕಾವಲುಗಾರ, 45 ಡಿಗ್ರಿ ಬಿಸಿಲಿನಲ್ಲಿ ಆರನೇ ಮಹಡಿಗೆ ಸಾಮಾನು ತಂದುಕೊಡುವ ಹುಡುಗ, ಇವರ ಬಗ್ಗೆಯೂ ‘ಅವರಿಗೆ ಅಭ್ಯಾಸವಾಗಿರುತ್ತೆ ಬಿಡಿ’ ಎನ್ನುತ್ತೇವೆ. ಮನೆಯೊಳಗೂ ಅಷ್ಟೇ. ದನಿ ಎತ್ತದ ಅಕ್ಕನ ಪಾಲಿಗೇ ಹೆಚ್ಚಿನ ಕೆಲಸ ಬೀಳುತ್ತದೆ. ‘ಅವಳು ಗಟ್ಟಿ’ ಎಂಬ ಮೆಚ್ಚುಗೆಯ ಮಾತಿನ ಜೊತೆಗೇ ಬೀಳುತ್ತದೆ. ಒಬ್ಬರು ತಾಳಿಕೊಳ್ಳಬಲ್ಲರು ಎಂಬ ಕಾರಣಕ್ಕೆ ಅವರಿಗೆ ಅದೇ ಇಷ್ಟವೆಂದು ತಿಳಿಯುವುದು ಕ್ರೂರವೆಂದೇ ನಾನು ನಂಬಿದ್ದೇನೆ. ಮಾಡುವವರಿಗೆ ಕ್ರೂರವೆಂದು ಗೊತ್ತಾಗದಿರುವುದರಿಂದ ಅದು ಇನ್ನೂ ಹೆಚ್ಚು ಕಾಲ ನಡೆಯುತ್ತದೆ.

ಕ್ಯಾಕ್ಟಸ್‌ಗೂ ಬೇಕುಗಳಿವೆ, ಬಹಳ ಖಚಿತವಾದ ಬೇಕುಗಳು. ಒಂದೇ ಒಂದು ಪ್ರಭೇದವನ್ನು ಬಿಟ್ಟರೆ ಈ ಇಡೀ ಕುಟುಂಬದ ತವರು ಅಮೆರಿಕ ಖಂಡಗಳು. ಅಲ್ಲಿನ ಒಣನೆಲದಲ್ಲಿ ಬಾಳುವುದಕ್ಕಾಗಿ ಅವು ಉಸಿರಾಟದ ಹೊತ್ತನ್ನೇ ಬದಲಿಸಿಕೊಂಡಿವೆ. ಬೇರೆ ಗಿಡಗಳು ಹಗಲಿನಲ್ಲಿ ತೆರೆಯುವ ರಂಧ್ರಗಳನ್ನು ಇವು ರಾತ್ರಿ ತೆರೆಯುತ್ತವೆ, ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತವೆ, ಹಗಲು ರಂಧ್ರ ಮುಚ್ಚಿಕೊಂಡು ಬಿಸಿಲಿನಲ್ಲಿ ಅದರಿಂದ ಆಹಾರ ಮಾಡಿಕೊಳ್ಳುತ್ತವೆ. ಇದಕ್ಕೆ ತಂಪಾದ ರಾತ್ರಿ ಬೇಕು. ಮರುಭೂಮಿಯ ಗಿಡವಲ್ಲವೇ, ದೆಹಲಿಯ ಜೂನ್ ಅದಕ್ಕೇನು ಮಹಾ ಎನ್ನುವವರಿಗೆ ಈ ಸಂಗತಿ ತಿಳಿದಿರಬೇಕು. ಮರುಭೂಮಿ ರಾತ್ರಿ ತಣಿಯುತ್ತದೆ. ಸುತ್ತ ಕಾಂಕ್ರೀಟು ತುಂಬಿದ ನಮ್ಮ ಬಾಲ್ಕನಿಗಳು ಲೂ ಎಂಬ ಬಿಸಿಗಾಳಿ ಬೀಸುವ ದಿನಗಳಲ್ಲಿ ನಡುರಾತ್ರಿಯಲ್ಲೂ ತಣಿಯುವುದಿಲ್ಲ. ಆಗ ಕ್ಯಾಕ್ಟಸ್ ಬೆಳೆಯುವುದನ್ನು ಬಿಟ್ಟು ಸುಮ್ಮನೆ ದಿನ ದೂಡುತ್ತಿರುತ್ತದೆ. ಪಶ್ಚಿಮದ ಬಿಸಿಲಿನಿಂದ ಅದನ್ನು ಸರಿಸಿಡಬೇಕು. ಮನೆಯೊಳಗಿನ ಗಿಡವನ್ನು ಆ ತಿಂಗಳಲ್ಲಿ ಒಮ್ಮೆಲೇ ಹೊರಬಿಸಿಲಿಗೆ ಇಟ್ಟರೆ ಮೈ ಸುಟ್ಟು ಕಂದು ಕಲೆಯಾಗುತ್ತದೆ, ಆ ಕಲೆ ಮತ್ತೆಂದೂ ಹೋಗುವುದಿಲ್ಲ.

ಬೆಳಕು ಸಾಲದಿದ್ದರೂ ಹೀಗೆಯೇ. ಗುಂಡಗಿದ್ದ ಗಿಡ ಕಿಟಕಿಯ ಕಡೆಗೆ ಕತ್ತು ಚಾಚಿ ಬಿಳಿಚಿಕೊಂಡು ಸಪೂರವಾಗುತ್ತದೆ. ಆಮೇಲೆ ಎಷ್ಟು ಬಿಸಿಲು ಕೊಟ್ಟರೂ ಮುಂದಿನ ಬೆಳವಣಿಗೆ ದಪ್ಪವಾದೀತು, ಸೊರಗಿದ ಆ ಭಾಗ ಮಾತ್ರ ಕೊನೆಯವರೆಗೂ ಸೊರಗಿಯೇ ಉಳಿಯುತ್ತದೆ. ನಾವು ಮರೆತ ವರ್ಷವನ್ನು ಅದರ ಮೈ ಮರೆಯುವುದಿಲ್ಲ.

ಜುಲೈಯಲ್ಲಿ ಮಳೆ ಬಂದಾಗ ಗಿಡಗಳೆಲ್ಲ ಹಿಗ್ಗುತ್ತವೆ. ಕ್ಯಾಕ್ಟಸ್‌ಗೆ ಅದೇ ಅಪಾಯದ ಕಾಲ. ಗಾಳಿಯ ತೇವಕ್ಕೆ ಬುಡ ಕೊಳೆಯುತ್ತದೆ, ಮುಳ್ಳಿನ ಸಂದಿಯಲ್ಲಿ ಬಿಳಿ ಹತ್ತಿಯಂಥ ಹಿಟ್ಟುತಿಗಣೆ ಸೇರಿಕೊಳ್ಳುತ್ತದೆ. ಇಂಥ ಸಣ್ಣ ಹುಳದ ಬಲವನ್ನು ಕಡೆಗಣಿಸಬಾರದು. ದಕ್ಷಿಣ ಭಾರತದಲ್ಲಿ ಬೇಲಿ ದಾಟಿ ಹೊಲ, ಗೋಮಾಳಗಳನ್ನೆಲ್ಲ ನುಂಗಿದ್ದ ಪಾಪಸುಕಳ್ಳಿಯೂ ಕ್ಯಾಕ್ಟಸ್ಸೇ. ಕಡಿದರೂ ಸುಟ್ಟರೂ ಸಾಯದ ಆ ಗಿಡದ ಮೇಲೆ 1926ರಲ್ಲಿ ಶ್ರೀಲಂಕಾದಿಂದ ತಂದ ಒಂದು ಬಗೆಯ ಕೊಚಿನೀಲ್ ಹುಳವನ್ನು ಬಿಟ್ಟರು. ಐದಾರು ವರ್ಷಗಳಲ್ಲಿ ಸಾವಿರಾರು ಹೆಕ್ಟೇರ್ ನೆಲ ಬಯಲಾಯಿತು. ಗಟ್ಟಿಯೆಂದು ಹೆಸರಾದದ್ದಕ್ಕೂ ಮೆದುವಾದ ಒಂದು ಜಾಗವಿರುತ್ತದೆ. ಮನೆಯ ಕ್ಯಾಕ್ಟಸ್ಸನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೈಗೆತ್ತಿಕೊಂಡು ಬುಡ, ಸಂದಿಗಳನ್ನು ನೋಡಬೇಕು ಎನ್ನುವುದು ಇದಕ್ಕೇ.

ದೆಹಲಿ ಈ ಗಿಡಕ್ಕೆ ಕೊಡುವ ಒಂದು ದೊಡ್ಡ ವರವೂ ಇದೆ, ಅದು ಇಲ್ಲಿನ ಚಳಿ. ಬೆಂಗಳೂರಿನ ಹಿತವಾದ ಹವೆಯಲ್ಲಿ ಕ್ಯಾಕ್ಟಸ್‌ಗೆ ಇಂಥ ಗಾಢ ವಿಶ್ರಾಂತಿ ಸಿಗುವುದು ಕಷ್ಟ. ಇಲ್ಲಿ ನವೆಂಬರಿನ ಕೊನೆಯಿಂದ ಜನವರಿ ಮುಗಿಯುವವರೆಗೆ ನೀರನ್ನು ಬಹುತೇಕ ನಿಲ್ಲಿಸಿ, ಬೆಳಕಿರುವ ತಣ್ಣನೆಯ ಜಾಗದಲ್ಲಿ ಒಣಗಿಸಿಟ್ಟರೆ ಮ್ಯಾಮಿಲೇರಿಯಾದಂಥ ಕ್ಯಾಕ್ಟಸ್‌ಗಳು ವಸಂತದಲ್ಲಿ ತಲೆಯ ಸುತ್ತ ಹೂವಿನ ಬಳೆ ತೊಡುತ್ತವೆ. ನೀರು ನಿಲ್ಲಿಸಿದ ಆ ತಿಂಗಳುಗಳಲ್ಲಿ ಗಿಡ ಕೊಂಚ ಸುಕ್ಕಾಗುತ್ತದೆ. ನೋಡಿದವರ ಕೈ ತಂಬಿಗೆಯ ಕಡೆಗೆ ಹೋಗುತ್ತದೆ. ಹೋಗುವ ಕೈಯನ್ನು ತಡೆದುಕೊಳ್ಳುವುದು, ಆದರೆ ಕಣ್ಣನ್ನು ತೆಗೆಯದಿರುವುದು: ಕ್ಯಾಕ್ಟಸ್ ಸಾಕುವುದರಲ್ಲಿ ನನಗೆ ಅತಿ ಕಷ್ಟವೆನಿಸುವ ಪಾಠ ಇದು. ಬೆಳೆದ ಮಕ್ಕಳ ತಂದೆತಾಯಿಗೆ ಈ ಕಷ್ಟ ಚೆನ್ನಾಗಿ ಅರ್ಥವಾದೀತು.

ಆರಿಸುವಾಗಲೂ ಇದೇ ಎಚ್ಚರ ಬೇಕು. ಜೋರ್‌ಬಾಗ್‌ನ ನರ್ಸರಿ ಸಾಲಿನಿಂದ ಹಿಡಿದು ನೋಯ್ಡಾದ ರಸ್ತೆಬದಿಯವರೆಗೆ ಎಲ್ಲಿ ಹೋದರೂ ಎದುರಿಗಿಟ್ಟಿರುವುದು ಕೆಂಪು, ಹಳದಿ ತಲೆಯ ‘ಮೂನ್ ಕ್ಯಾಕ್ಟಸ್’. ಆ ಕೆಂಪು ತಲೆಯಲ್ಲಿ ಪತ್ರಹರಿತ್ತು ಇಲ್ಲ, ಅದು ತಾನಾಗಿ ಆಹಾರ ಮಾಡಿಕೊಳ್ಳಲಾರದು. ಡ್ರಾಗನ್ ಹಣ್ಣಿನ ಜಾತಿಯ ಹಸಿರು ಕಾಂಡಕ್ಕೆ ಕಸಿ ಮಾಡಿರುತ್ತಾರೆ, ಮೇಲಿನದನ್ನೂ ಕೆಳಗಿನದೇ ಸಾಕುತ್ತದೆ. ಆ ಕಾಂಡ ಬೆಚ್ಚನೆಯ ನಾಡಿನದು, ದೆಹಲಿಯ ಜನವರಿಯನ್ನು ಹೊರಗೆ ತಡೆಯದು. ಇನ್ನು ಕೆಲವು ಗಿಡಗಳ ನೆತ್ತಿಯ ಮೇಲೆ ಬಣ್ಣ ಹಾಕಿದ ಒಣಹೂವನ್ನು ಬಿಸಿ ಅಂಟಿನಿಂದ ಅಂಟಿಸಿರುತ್ತಾರೆ. ಆ ನೆತ್ತಿಯೇ ಅದು ಬೆಳೆಯುವ ಜಾಗ. ಮುಟ್ಟಿ ನೋಡಿ, ಹೂವು ಕಾಗದದಂತೆ ಗರಗರ ಎಂದರೆ ಆ ಗಿಡ ಬೇಡ. ತೆವಳುವ ಮಗುವಿರುವ ಮನೆಗೆ ಮೊಲದ ಕಿವಿಯಂತೆ ಕಾಣುವ, ಹಳದಿ ಚುಕ್ಕೆಗಳ ಓಪನ್ಷಿಯಾ ಕೂಡದು. ಆ ಮೆತ್ತನೆಯ ಚುಕ್ಕೆಗಳು ನೂರಾರು ಸೂಕ್ಷ್ಮ ಮುಳ್ಳುಗಳ ಗೊಂಚಲು. ಮುಳ್ಳಿನ ಗಿಡ ಮನೆಯೊಳಗೆ ಬೇಡವೆನ್ನುವ ಹಿರಿಯರ ಮಾತನ್ನು ಅಂಥ ಮನೆಗಳಲ್ಲಿ ಗೌರವದಿಂದ ಕೇಳುವುದೇ ಸರಿ.

ಎಲ್ಲಿ ಬೆಳೆದದ್ದು ಎಂದು ಕೇಳುವುದೂ ಕೊಳ್ಳುವವರ ಕರ್ತವ್ಯ. 2015ರಲ್ಲಿ ಪ್ರಕಟವಾದ ಜಾಗತಿಕ ಮೌಲ್ಯಮಾಪನದ ಪ್ರಕಾರ ಕ್ಯಾಕ್ಟಸ್ ಪ್ರಭೇದಗಳಲ್ಲಿ ಶೇ. 31ರಷ್ಟು ಅಳಿವಿನ ಅಂಚಿನತ್ತ ಸಾಗಿವೆ. ಸಂಗ್ರಹಕಾರರಿಗಾಗಿ ಕಾಡಿನಿಂದ ಕಿತ್ತು ತರುವುದು ಅದರ ದೊಡ್ಡ ಕಾರಣಗಳಲ್ಲೊಂದು. 2020ರಲ್ಲಿ ಇಟಲಿಯ ಪೊಲೀಸರು ಒಬ್ಬ ಸಂಗ್ರಹಕಾರನ ಬಳಿ ಚಿಲಿಯ ಅಟಕಾಮಾ ಮರುಭೂಮಿಯಿಂದ ಕಿತ್ತ ಸಾವಿರಕ್ಕೂ ಹೆಚ್ಚು ಗಿಡಗಳನ್ನು ಹಿಡಿದರು. ಅತ್ತ, ನಮ್ಮ ನರ್ಸರಿಗಳಲ್ಲಿ ಧಾರಾಳವಾಗಿ ಸಿಗುವ ಬಂಗಾರದ ಮುಳ್ಳಿನ ಗೋಲ್ಡನ್ ಬ್ಯಾರೆಲ್ ಮೆಕ್ಸಿಕೋದ ತವರಿನಲ್ಲಿ ವಿರಳವಾಗಿದೆ. ಅದರ ನೆಲೆಯ ಒಂದು ಭಾಗ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಬೀಜದಿಂದ ಬೆಳೆಸಿದ್ದನ್ನು ಕೊಳ್ಳುವುದರಲ್ಲಿ ದೋಷವಿಲ್ಲ. ಕೊಳ್ಳುವ ಮೊದಲು ಸಾಧ್ಯವಾದರೆ ಪಂಚಕುಲಕ್ಕೆ ಹೋಗಿಬನ್ನಿ. ಅಲ್ಲಿ 1987ರಲ್ಲಿ ಡಾ. ಜೆ. ಎಸ್. ಸರ್ಕಾರಿಯಾ ಅವರ ಆಸಕ್ತಿಯಿಂದ ರೂಪುಗೊಂಡ 7 ಎಕರೆಯ ಕ್ಯಾಕ್ಟಸ್ ಉದ್ಯಾನವಿದೆ. ದಶಕಗಳ ವಯಸ್ಸಿನ ಗಿಡಗಳನ್ನು ನೋಡಿದವರಿಗೆ, ಅಂಗಡಿಯಲ್ಲಿ ಅಂಗೈಗೆ ಬರುವುದು ಇನ್ನೂ ಹಸುಗೂಸು ಎಂಬುದು ತಿಳಿಯುತ್ತದೆ.

ಗಾಳಿ ಶುದ್ಧವಾಗಲಿ ಎಂದು ಮಾತ್ರ ಇದನ್ನು ತರಬೇಡಿ. ದೆಹಲಿಯ ಹೊಗೆಯನ್ನು ಹೀರುವ ಹೊಣೆಯನ್ನು ಕುಂಡದ ಗಿಡದ ಮೇಲೆ ಹೊರಿಸುವುದು ನ್ಯಾಯವಲ್ಲ. ಗಿಡಗಳು ಗಾಳಿಯನ್ನು ಶುದ್ಧ ಮಾಡುತ್ತವೆಂದು ಮುಚ್ಚಿದ ಪುಟ್ಟ ಪೆಟ್ಟಿಗೆಯ ಪ್ರಯೋಗದಲ್ಲಿ ಕಂಡದ್ದು ಕೋಣೆಯಲ್ಲಿ ಆಗುವುದಿಲ್ಲ. ಹೊಗೆಯ ಕಾಲದಲ್ಲಿ ಅದರ ಮೈಮೇಲೆ ಕೂರುವ ಧೂಳನ್ನು ಮೆದು ಕುಂಚದಿಂದ ನಾವೇ ಒರೆಸಬೇಕಾಗುತ್ತದೆ.

ಹಾಗಾದರೆ ಮೊದಲು ಮಾಡಬೇಕಾದ್ದೇನು? ಮನೆಯ ಕಿಟಕಿಯನ್ನು ನೋಡುವುದು. ದಕ್ಷಿಣದ ಕಿಟಕಿ ಇದ್ದರೆ ಭಾಗ್ಯ. ದೆಹಲಿಯಲ್ಲಿ ಡಿಸೆಂಬರಿನ ಸೂರ್ಯ ದಕ್ಷಿಣಕ್ಕೆ ಬಾಗಿ ಕೋಣೆಯ ಒಳಗಿನವರೆಗೂ ಬರುತ್ತಾನೆ, ಜೂನಿನಲ್ಲಿ ನೆತ್ತಿಯ ಮೇಲೇ ಹಾದುಹೋಗುತ್ತಾನೆ. ಬೇಕಾದಾಗ ಬಿಸಿಲು, ಬೇಡದಾಗ ನೆರಳು. ಪೂರ್ವದ ಕಿಟಕಿಯೂ ಆದೀತು. ಮಣ್ಣಿನ ಕುಂಡ, ತಳಕ್ಕೆ ತೂತು. ದಪ್ಪ ಮರಳಿಗೆ ಇಲ್ಲಿನವರು ಬದರ್‌ಪುರ್ ಎನ್ನುತ್ತಾರೆ. ಅದನ್ನೂ ಇಟ್ಟಿಗೆಯ ಚೂರನ್ನೂ ಧಾರಾಳವಾಗಿ ಬೆರೆಸಿದ ಮಣ್ಣು ಸಾಕು. ಉಡುಗೊರೆಯಾಗಿ ಬಂದ ಗಿಡವಿದ್ದರೆ ಫೆಬ್ರವರಿ ಕೊನೆಯಲ್ಲಿ ಕಲ್ಲಿನ ಪದರ ಒಡೆದು ಅದನ್ನು ಹೊಸ ಮಣ್ಣಿಗೆ ದಾಟಿಸಿ, ವಾರ ಬಿಟ್ಟು ನೀರು ಹಾಕಿ. ಉತ್ತರಕ್ಕೆ ಮಾತ್ರ ಕಿಟಕಿ ಇರುವ ಫ್ಲಾಟಿನವರಿಗೆ ಮನಿ ಪ್ಲಾಂಟ್ ಇದೆ, ಸ್ಪೈಡರ್ ಪ್ಲಾಂಟ್ ಇದೆ, ಅವು ಅಲ್ಲಿ ನಗುನಗುತ್ತಾ ಬೆಳೆಯುತ್ತವೆ. ಕ್ಯಾಕ್ಟಸ್ ಎಷ್ಟೇ ಮನಸ್ಸಿಗೆ ಹಿಡಿಸಿದರೂ ಅದನ್ನು ನರ್ಸರಿಯಲ್ಲೇ ಬಿಟ್ಟುಬನ್ನಿ. ಬಿಸಿಲಿರುವ ಮನೆಯವರು ಯಾರಾದರೂ ಬಂದು ಒಯ್ಯುತ್ತಾರೆ.